ಮೇವಿನ ಅಭಿಪ್ರಾಯ: ತಾರ್ಲೆಯೊಂದಿಗೆ ಸಂದರ್ಶನ

ಬ್ಲೂಫಿನ್ ಟ್ಯೂನಾ, ಅಂದರೆ ಕಾರವಾರದ ಗೆದರೆ ಮೀನಿಗೆ ದೂರದ ಸಿರಿವಂತ ದಾಯಾದಿಯಾಗಬೇಕಾದ, ನೂರಾರು ಕಿಲೋ ತೂಗುವ ಮತ್ಸ್ಯದ ಸಾಕಣೆಯನ್ನು ಕುರಿತು ವಿಜ್ಞಾನಿಗಳೂ ಬಾಣಸಿಗರೂ ಧಾರಾಳವಾಗಿ ಮಾತನಾಡಿದ್ದಾರಾದರೂ, ಅದಕ್ಕೆ ಮೇವಾಗುವ ಸಣ್ಣ ಮೀನನ್ನು ಮಾತನಾಡಿಸಿದವರು ಕಡಿಮೆ. ಆದ್ದರಿಂದ ಕಾರವಾರದ ಮೀನುಪೇಟೆಯ ಬುಟ್ಟಿಯಲ್ಲಿದ್ದ ತಾರ್ಲೆಯನ್ನು, ಮಂಗಳೂರಿನವರ ಬೂತಾಯಿಯನ್ನು, ಸಂದರ್ಶಿಸಲಾಯಿತು. ಒಂಟಿಯಾಗಿ ಬದುಕಿ ಅಭ್ಯಾಸವಿಲ್ಲದ ಅದು ಕುಲದ ಪರವಾಗಿಯೇ ಉತ್ತರಿಸಿತು.

ಪ್ರಶ್ನೆ: ಬ್ಲೂಫಿನ್ ಸಾಕಣೆ ಎಂದರೇನು?

ತಾರ್ಲೆ: ಮೆಡಿಟರೇನಿಯನ್ ಸಮುದ್ರದಲ್ಲಿಯೂ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್‌ನಲ್ಲಿಯೂ, ಕಡಲಲ್ಲೇ ಹುಟ್ಟಿ ಬೆಳೆದ ಮೀನನ್ನು ಬಲೆಯಲ್ಲಿ ಹಿಡಿದು, ಪಂಜರಕ್ಕೆ ಎಳೆದು ತಂದು, ತಿಂಗಳುಗಟ್ಟಲೆ ಕೊಬ್ಬಿಸುವುದಕ್ಕೆ ಆ ಹೆಸರು. ಹಬ್ಬಕ್ಕೆ ಬಂದ ಅಳಿಯನಿಗೆ ತುಪ್ಪ ಬಡಿಸಿದ ಮಾವ, ಹೆತ್ತವನು ತಾನೇ ಎಂದುಕೊಂಡ ಹಾಗೆ. ನಿಜವಾದ ಸಾಕಣೆ, ಅಂದರೆ ಮೊಟ್ಟೆಯಿಂದ ಮೊಟ್ಟೆಯವರೆಗಿನ ಪೂರ್ಣ ಜೀವನಚಕ್ರವು ಜಪಾನಿನ ಕಿಂದಾಯ್ ವಿಶ್ವವಿದ್ಯಾಲಯಕ್ಕೆ ಒಲಿದದ್ದು 2002ರಲ್ಲಿ. ಪ್ರಯತ್ನ ಆರಂಭವಾದದ್ದು 1970ರಲ್ಲಿ.

ಪ್ರಶ್ನೆ: ತಾರ್ಲೆಗೆ ಅದರಿಂದ ಏನು ಸಂಕಟ?

ತಾರ್ಲೆ: ಬ್ಲೂಫಿನ್ ಬಿಸಿಮೈಯ ಮೀನು. ಸುತ್ತಲ ನೀರಿಗಿಂತ ದೇಹವನ್ನು ಬೆಚ್ಚಗಿಟ್ಟುಕೊಳ್ಳುವುದಕ್ಕೂ, ಕಿವಿರುಗಳಿಗೆ ನೀರು ಹಾಯಿಸಲು ಹಗಲಿರುಳು ಈಜುವುದಕ್ಕೂ ತಿಂದದ್ದರ ಬಹುಭಾಗ ಖರ್ಚಾಗುವುದರಿಂದ, ಅದರ ಮೈಯಲ್ಲಿ ಒಂದು ಕಿಲೋ ಏರಬೇಕಾದರೆ ತಾರ್ಲೆ, ಬಂಗಡೆಗಳ ಬಳಗದ ಹತ್ತು ಕಿಲೋಗೂ ಮಿಕ್ಕ ಮೀನು ಹೊಟ್ಟೆಗಿಳಿಯಬೇಕು. ಇದನ್ನು ಲಾಭವೆನಿಸಲು ಟೋಕಿಯೋದ ಗಿರಾಕಿ ಬೇಕು. ಅಲ್ಲಿ 2019ರ ಹೊಸವರ್ಷದ ಹರಾಜಿನಲ್ಲಿ 278 ಕಿಲೋ ಮೀನೊಂದು 33 ಕೋಟಿ ಯೆನ್ ದಾಟಿತು, ಅದೂ ಸಾಕಿದ್ದಲ್ಲ.

ಪ್ರಶ್ನೆ: ಕಾರವಾರದಲ್ಲಿ ಬ್ಲೂಫಿನ್ ಇಲ್ಲವಲ್ಲ?

ತಾರ್ಲೆ: ಪಂಜರಗಳಿವೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಇಲ್ಲಿ ಚೋನಕ ಎನಿಸಿಕೊಳ್ಳುವ ಸೀಬಾಸನ್ನೂ ಕೋಬಿಯಾವನ್ನೂ ಬೆಳೆಸಿದೆ. ಅವುಗಳ ಹಸಿವು ಅಷ್ಟು ರಾಜಸವಲ್ಲದಿದ್ದರೂ ಮೇವು ತಾರ್ಲೆಯಂಥ ಅಗ್ಗದ ಮೀನೇ. ಕೆಲವು ವರ್ಷ ತಾರ್ಲೆ ಕಾಣೆಯಾಗುತ್ತದೆಂದು ದೂರುವವರಿದ್ದಾರೆ. ಅಂಕೋಲೆಯ ಬೇಲೇಕೇರಿ ಬಂದರಿನಲ್ಲಿ 2010ರಲ್ಲಿ ಮುಟ್ಟುಗೋಲು ಹಾಕಿದ್ದ ಕಬ್ಬಿಣದ ಅದಿರೇ ಕಾಣೆಯಾಗಿರುವಾಗ, ಈಜಬಲ್ಲ ಮೀನನ್ನು ಶಂಕಿಸುವುದು ನ್ಯಾಯವಲ್ಲ.

ಪ್ರಶ್ನೆ: ರುಚಿಯಲ್ಲಾದರೂ ಬ್ಲೂಫಿನ್ ಮೇಲಲ್ಲವೇ?

ತಾರ್ಲೆ: ಅದರ ಹೊಟ್ಟೆಭಾಗವಾದ ತೋರೊ, ಕೆಂಪು ಮಾಂಸದ ನಡುವೆ ಕೊಬ್ಬಿನ ಗೆರೆಗಳೋಡಿ, ಹಸಿಯಾಗಿ ಬಾಯಲ್ಲಿಟ್ಟರೆ ಕರಗುತ್ತದೆ, ನಿಜ, ಆದರೆ ಪಂಜರದಲ್ಲಿ ಏರಿದ ಆ ಕೊಬ್ಬು ಮೇವಿನಿಂದ ಬಂದದ್ದು. ಮಳೆಗಾಲ ಕಳೆದು ಎಣ್ಣೆ ತುಂಬಿದ ತಾರ್ಲೆಗೆ ಜುಮ್ಮನಕಾಯಿ, ಮುರುಗಲು ಹಾಕಿ ಕುದಿಸುವ ಅಂಕೋಲೆಯ ಅಡುಗೆಮನೆಗೆ ಅದೇ ಸರಕು ದಲ್ಲಾಳಿಯಿಲ್ಲದೆ ತಲುಪುತ್ತದೆ.

ಪ್ರಶ್ನೆ: ಹಾಗಾದರೆ ತಾರ್ಲೆಯನ್ನೇ ಏಕೆ ಸಾಕಬಾರದು?

ತಾರ್ಲೆ: ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಉಣಿಸಿ ಕಡಲೇ ಪುಕ್ಕಟೆಯಾಗಿ ಬೆಳೆಸುವ ಮೀನಿಗೆ ಸಹಾಯಧನ ಕೋರಲು ಯಾವ ಅರ್ಜಿಯಲ್ಲಿಯೂ ಕಾಲಂ ಇರಲಾರದು.