ಬ್ಯಾಡ ಅನ್ನಾಕೂ ಒಬ್ಬರು ಬೇಕಲ್ರೀ!

ಕ್ಯಾನ್ಸರ್ ಔಷಧ ಯಾರಿಗೆ ನಾಟುತ್ತದೆ ಎಂದು ಹೇಳಲು ಕಂಪನಿಗಳಿವೆ. ಯಾರಿಗೆ ನಾಟುವುದಿಲ್ಲ ಎನ್ನಲು ವಕ್ತಾರರೇ ಇಲ್ಲ. ಹಾವೇರಿಯಿಂದ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಫೈಲು ಹಿಡಿದು ಹೊರಡುವವರ ಪರವಾಗಿ, ದೊಡ್ಡ ಕರುಳಿನ ಗಡ್ಡೆಯಲ್ಲಿ ಕೆಟ್ಟು ಕೂತ ಕೆರಾಸ್ ಜೀನನ್ನು ಬ್ಯಾಡಗಿಯ ಎಪಿಎಂಸಿ ಅಂಗಳದಲ್ಲಿ ಮಾತಿಗೆಳೆದದ್ದಾಯಿತು.

ನಿಮ್ಮಿಂದ ಸೆಟುಕ್ಸಿಮ್ಯಾಬ್‌ನಂಥ ದುಬಾರಿ ಔಷಧ ನೀರುಪಾಲಾಗುತ್ತಿದೆಯಂತೆ?

ನೀರುಪಾಲು ಮಾಡೋರು ನನ್ನ ಕೇಳದ ಕೊಡೋರು. ಆ ಔಷಧ ಜೀವಕೋಶದ ಹೊರಮೈಮ್ಯಾಲಿನ ಇಜಿಎಫ್‌ಆರ್ ಪ್ರೋಟೀನನ್ನ ತಡೀತೈತಿ. ‘ಬೆಳಿ’ ಅನ್ನೋ ಹುಕುಂ ಅಲ್ಲಿಂದ ನನಗ ಬರಬೇಕು. ಕೆಟ್ಟ ಮ್ಯಾಲ ನಾ ಯಾರ ಹುಕುಮಿಗೂ ಕಾಯೂದಿಲ್ಲ. ಹೊರಗ ಎಷ್ಟು ತಡದರೂ ಒಳಗ ಬೆಳ್ಸೋದ ನನ್ನ ಕೆಲಸ. ಮೈಕ್ರೋಸ್ಕೋಪಿನಾಗ ಗಡ್ಡಿ ಎಲ್ಲಾ ಒಂದ ನಮೂನಿ ಕಾಣ್ತಾವು. ಆದ್ರ ಕೆಂಪಗಿದ್ದ ಮೆಣಸಿನಕಾಯಿ ಎಲ್ಲಾ ಖಾರ ಅಲ್ಲ ಅಂತ ಬ್ಯಾಡಗಿ ಮಂದಿಗೆ ನಾ ಹೇಳಬೇಕೇನ್ರೀ? ಕೆನಡಾ, ಆಸ್ಟ್ರೇಲಿಯಾದೋರು ಬ್ಯಾರೆ ಔಷಧ ಸೋತ 394 ರೋಗಿಗಳ ಗಡ್ಡಿ ತಪಾಸ ಮಾಡಿ 2008ರಾಗ ಲೆಕ್ಕ ಕೊಟ್ರು. ನೂರಕ್ಕ 42 ಮಂದಿಯೊಳಗ ನಾ ಕೆಟ್ಟಿದ್ದೆ. ಅಂಥೋರಾಗ ಅರ್ಧ ಮಂದಿ ದಾಟಿದ್ದು ಔಷಧ ತಗೊಂಡ್ರ 4.5 ತಿಂಗಳು, ತಗೊಳ್ಳದಿದ್ರ 4.6. ನಾ ನೆಟ್ಟಗಿದ್ದೋರಿಗೆ ಅದ 9.5 ಮತ್ತ 4.8. ಮರುವರ್ಷ ಅಮೆರಿಕದ ಔಷಧ ಇಲಾಖೆ, ಕೆರಾಸ್ ಕೆಟ್ಟೋರಿಗೆ ಇದು ಬ್ಯಾಡ ಅಂತ ಔಷಧದ ಚೀಟಿಮ್ಯಾಲ ಬರಸ್ತು.

ಟೆಸ್ಟಿಗೂ ದುಡ್ಡು ಬೇಕಲ್ಲ? ಮೇಲಾಗಿ ಇದ್ದ ಆಸೆಯನ್ನೂ ಕಿತ್ತುಕೊಂಡಂತೆ.

ಟೆಸ್ಟ್ ಒಮ್ಮೆ, ಸೆಟುಕ್ಸಿಮ್ಯಾಬ್ ವಾರಕ್ಕ ಇಲ್ಲಾ ಎರಡ ವಾರಕ್ಕೊಮ್ಮೆ. ಬಯಾಪ್ಸಿ ಮಾಡಿದ ತುಣುಕು ಲ್ಯಾಬಿನಾಗ ಮೇಣದ ಬಿಲ್ಲಿಯೊಳಗ ಇರತೈತಿ. ಬಹಳ ಸಲ ಅದ ಸಾಕು. ರಾಣೆಬೆನ್ನೂರಿನ ರೈತ ಹೊಲ ಬರಕೊಟ್ಟ ಮ್ಯಾಲ ರಿಪೋರ್ಟ್ ಬಂದ್ರ ಆಸೆನೂ ಹೋತು, ಹೊಲಾನೂ ಹೋತು. ಔಷಧ ನಾಟಲಿಲ್ಲಂದ್ರೂ ಬಹಳ ಮಂದಿಗೆ ಮೈಮ್ಯಾಲ ಗುಳ್ಳಿ ಏಳೂದೇನು ತಪ್ಪೂದಿಲ್ಲ. ಅಲ್ಲದ, ಇದನ್ನ ಬಿಡ್ರಿ ಅಂದ್ರ ಚಿಕಿತ್ಸೆನ ಬಿಡ್ರಿ ಅಂದಂಗಲ್ಲ. ಆ ದುಡ್ಡು ನಾಟೋ ಔಷಧಕ್ಕ, ನೋವು ಕಡಿಮಿ ಮಾಡಾಕ ಉಳೀತೈತಿ.

ನೀವು ನೆಟ್ಟಗಿದ್ದರೆ ಔಷಧ ನಾಟುವುದು ಖಾತ್ರಿಯೇ?

ಇಲ್ರಿ. ಎನ್‌ರಾಸ್, ಬಿರಾಫ್ ಅಂತ ನನ್ನ ಭಾವಬಂದರು ಅದಾರು, ಅವರು ಕೆಟ್ಟಿದ್ರೂ ಔಷಧ ನಾಟೂದು ಕಷ್ಟ. ಗಡ್ಡಿ ಕರುಳಿನ ಬಲಕ್ಕಿದ್ರೂ ಲಾಭ ಕಡಿಮಿ. ನನ್ನ ‘ಬ್ಯಾಡ’ ನಂಬಬಹುದು, ‘ಹೂಂ’ ಪೂರಾ ನಂಬಬ್ಯಾಡ್ರಿ.

ಈಗ ನಿಮ್ಮನ್ನೇ ಹಿಡಿಯುವ ಔಷಧ ಬಂದಿದೆಯಲ್ಲ?

ನಾ ಕೆಡೋ ನಮೂನಿಯೊಳಗ ಜಿ12ಸಿ ಅನ್ನೋ ಒಂದಕ್ಕ ಬಂದೈತಿ. ಅಡಾಗ್ರಾಸಿಬ್ ಅನ್ನೋ ಆ ಔಷಧದ ಜೋಡಿ ಅದ ಸೆಟುಕ್ಸಿಮ್ಯಾಬ್ ಕೊಡಾಕ ಅಮೆರಿಕ 2024ರಾಗ ಒಪ್ಪಿಗಿ ಕೊಡ್ತು. ಕರುಳಿನ ಕ್ಯಾನ್ಸರಿನೋರೊಳಗ ಅಂಥೋರು ನೂರಕ್ಕ ಮೂರ್ನಾಕು ಮಂದಿ. ಅವರು ಯಾರು ಅನ್ನಾಕೂ ಮೊದಲ ನನ್ನ ಟೆಸ್ಟ್ ಮಾಡಸಬೇಕಲ್ರೀ!