ಐದು ಮಾರ್ಕ್ಸಿನ ಮೇಷ್ಟ್ರು

ನಮ್ಮ ಚನ್ನರಾಯನದುರ್ಗದ ಕಡೆ ಜನ ಆಕಳಿಸುವ ಮುಂಚೆ ಅತ್ತಿತ್ತ ನೋಡಿಕೊಳ್ಳುತ್ತಾರೆ. ಬಿಕ್ಕಳಿಕೆ ಬಂದವರು ಎದ್ದು ಹಿತ್ತಲಿಗೆ ಹೋಗುತ್ತಾರೆ. ಇದು ನಾಜೂಕಲ್ಲ, ಭಯ. ರಿಟೈರಾದ ಬಯಾಲಜಿ ಲೆಕ್ಚರರ್ ಒಬ್ಬರು ಇಲ್ಲಿ ಮನೆ ಕಟ್ಟಿಕೊಂಡು ನೆಲೆಸಿದ್ದಾರೆ. ಅವರೆದುರು ಬಿಕ್ಕಳಿಸಿದರೆ ನೀರು ಕೊಡುವುದಿಲ್ಲ, ಪ್ರಶ್ನೆ ಕೊಡುತ್ತಾರೆ.

"ಬಿಕ್ಕಳಿಸುವಾಗ ಸೆಟೆದುಕೊಳ್ಳೋ ಸ್ನಾಯು ಯಾವುದಯ್ಯಾ? ಒಂದು ಮಾರ್ಕ್ಸ್."

ವಪೆ ಅಂತ ಹೇಳಿ ಪಾರಾದೆ ಅಂದುಕೊಳ್ಳುವಷ್ಟರಲ್ಲಿ, "ಭೇಷ್! ಹಾಗಾದ್ರೆ ಆ 'ಹಿಕ್' ಅನ್ನೋ ಸದ್ದು ಎಲ್ಲಿಂದ ಬಂತು? ಎರಡು ಮಾರ್ಕ್ಸ್." ಧ್ವನಿತಂತುಗಳ ನಡುವಿನ ಸಂದು ಫಕ್ಕನೆ ಮುಚ್ಚಿಕೊಳ್ಳುವುದರಿಂದ ಆ ಸದ್ದು ಬರುತ್ತದೆ ಎಂದು ಅವರೇ ವಿವರಿಸಿ ಮುಗಿಸುವ ಹೊತ್ತಿಗೆ ಬಿಕ್ಕಳಿಕೆ ನಿಂತಿರುತ್ತದೆ. ಅಷ್ಟರಮಟ್ಟಿಗೆ ಅವರಿಂದ ಊರಿಗೆ ಉಪಕಾರವಿದೆ ಎಂದು ಒಪ್ಪಿಕೊಳ್ಳಬೇಕು.

ಈ ಜಾತಿಯವರು ನಿಮ್ಮೂರಲ್ಲೂ ಇದ್ದಾರು. ಗಣಿತದ ಮೇಷ್ಟ್ರು ರಿಟೈರಾದರೆ ಚೀಟಿ ವ್ಯವಹಾರದ ಲೆಕ್ಕ ನೋಡಿಕೊಂಡು ಸುಮ್ಮನಾಗುತ್ತಾರೆ. ಇತಿಹಾಸದವರಿಗೆ ನಿಧಾನವಾಗಿ ಇಸವಿಗಳು ಮರೆಯುತ್ತವೆ. ಬಯಾಲಜಿಯವರಿಗೆ ಮಾತ್ರ ಬಿಡುಗಡೆಯಿಲ್ಲ, ಯಾಕೆಂದರೆ ಅವರ ಪಠ್ಯಪುಸ್ತಕ ಊರ ತುಂಬ ಓಡಾಡುತ್ತಿರುತ್ತದೆ, ಉಣ್ಣುತ್ತಿರುತ್ತದೆ, ಕೆಮ್ಮುತ್ತಿರುತ್ತದೆ. ನಮ್ಮ ಮೇಷ್ಟ್ರ ಲೆಕ್ಕದಲ್ಲಿ ಲೋಕದ ಸಮಸ್ತ ವಿಷಯಗಳೂ ಒಂದು, ಎರಡು, ಮೂರು ಇಲ್ಲವೇ ಐದು ಮಾರ್ಕ್ಸಿನವು. ಪಿಯುಸಿ ಬಯಾಲಜಿ ಪೇಪರಿನಲ್ಲಿ ನಾಲ್ಕು ಮಾರ್ಕ್ಸಿನ ಪ್ರಶ್ನೆ ಇಲ್ಲದ್ದರಿಂದ ಅವರ ಬದುಕಿನಲ್ಲೂ ಇಲ್ಲ.

ಸರ್ವೀಸಿನಲ್ಲಿ ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ನಾಲ್ಕೂ ತಾಲ್ಲೂಕು ಸುತ್ತಿದವರು. ಅವರಿಗೆ ಒಂದೊಂದು ತಾಲ್ಲೂಕೂ ಒಂದೊಂದು ಅಧ್ಯಾಯ. ಶನಿಮಹಾತ್ಮನ ದರ್ಶನಕ್ಕೆಂದು ಪಾವಗಡದ ಬಸ್ಸು ಹತ್ತುತ್ತಿದ್ದವರನ್ನು ತಡೆದು, "ಅಲ್ಲಿ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ್ದಕ್ಕೆ ಮಕ್ಕಳ ಹಲ್ಲು ಕಲೆಗಟ್ಟಿತು. ನಾನೂ ವರ್ಗವಾಗಿ ಹೋಗಿ ಅದೇ ನೀರು ಕುಡಿದೆ, ನನ್ನ ಹಲ್ಲು ಯಾಕೆ ಕಲೆಗಟ್ಟಲಿಲ್ಲ? ಮೂರು ಮಾರ್ಕ್ಸ್" ಎಂದು ಬಾಯಿ ತೆರೆದು ತೋರಿಸುತ್ತಾರೆ. ದೊಡ್ಡವರಲ್ಲಿ ಎನಾಮಲ್ ಆಗಲೇ ಕಟ್ಟಿ ಮುಗಿದಿರುತ್ತದೆ, ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಆ ಏಟು ಬೀಳುವುದು ಎಂಬ ಉತ್ತರ ಬರುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಶಿರಾ ಎಂದರೆ ಕಗ್ಗಲಡು. ಅಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಿ ಮಿಕ್ಕವರು ಆಹಾ ಅನ್ನುತ್ತಾರೆ. ಇವರು ಮರದ ಬುಡದ ಬಿಳಿ ಹಿಕ್ಕೆ ತೋರಿಸಿ "ಹಕ್ಕಿ ಮೂತ್ರ ಮಾಡುತ್ತೋ ಇಲ್ಲವೋ?" ಎಂದು ಕೇಳುತ್ತಾರೆ. ಆ ಬಿಳಿಯೇ ಯೂರಿಕ್ ಆಮ್ಲ, ನೀರು ಉಳಿಸಲು ಹಕ್ಕಿ ಹೂಡಿದ ಉಪಾಯ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವಾಗಂತೂ ಏದುಸಿರು ಬಿಡುವವನ ಮಣಿಕಟ್ಟು ಹಿಡಿದು, ಒಂದು ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ, ಸುಮ್ಮನೆ ಕೂತವನ ಹೃದಯವೇ ನಿಮಿಷಕ್ಕೆ ಐದು ಲೀಟರ್ ರಕ್ತ ತಳ್ಳುತ್ತದೆ, ಈಗ ನಿನ್ನದು ಎಷ್ಟು ತಳ್ಳುತ್ತಿದೆ, ಲೆಕ್ಕ ಹಾಕು ಎನ್ನುತ್ತಾರೆ. ಹತ್ತುವವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಲೆಕ್ಕವಲ್ಲ, ಮಜ್ಜಿಗೆ.

ಇವನ್ನೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಬೀಗರೂಟದ ಸಂಗತಿ.

ನಮ್ಮ ಸಂಬಂಧಿಕರೊಬ್ಬರ ಮಗಳ ಮದುವೆಯದು. ತೋಟದಲ್ಲಿ ಶಾಮಿಯಾನ, ಉದ್ದಕ್ಕೆ ಪಂಕ್ತಿ. ಎಲೆಗೆ ಮುದ್ದೆ ಬಿತ್ತು, ಬಾಡಿನ ಸಾರು ಬಿತ್ತು. ಪಕ್ಕದಲ್ಲಿ ಮೇಷ್ಟ್ರು ಕೂತಿದ್ದನ್ನು ನಾನು ಗಮನಿಸಿದ್ದು ಮುದ್ದೆ ಮುರಿದು, ಅದ್ದಿ, ಬಾಯಿಗಿಟ್ಟ ಮೇಲೆ.

"ತಡಿ" ಅಂದರು.

ತಡೆದೆ. ಬಾಯಲ್ಲಿ ಮುದ್ದೆ ಇಟ್ಟುಕೊಂಡು ತಡೆಯುವುದೆಂದರೇನು ಎಂಬುದು ಅಗಿದು ತಿನ್ನುವ ಸೀಮೆಯವರಿಗೆ ಅರ್ಥವಾಗಲಾರದು.

"ಅನ್ನವನ್ನ ಅಗೀತಾ ಹೋದ್ರೆ ಸಿಹಿ ಬರುತ್ತೆ. ಜೊಲ್ಲಲ್ಲಿರೋ ಅಮೈಲೇಸ್ ಪಿಷ್ಟವನ್ನ ಮಾಲ್ಟೋಸ್ ಮಾಡುತ್ತೆ. ನೀನು ಮುದ್ದೆ ಅಗಿಯಲ್ಲ, ನುಂಗ್ತೀಯ. ಹೊಟ್ಟೆಗಿಳಿದ ಮೇಲೆ ಆಮ್ಲ ಆ ಅಮೈಲೇಸನ್ನ ಕೆಲಸ ಮಾಡೋಕೆ ಬಿಡಲ್ಲ. ಹಾಗಾದ್ರೆ ರಾಗಿಯ ಪಿಷ್ಟ ಅರಗಿಸೋರು ಯಾರು? ನಿಮ್ಮಪ್ಪನಾ?"

ನಮ್ಮಪ್ಪ ಎದುರು ಸಾಲಿನಲ್ಲೇ ಕೂತಿದ್ದರು. ಬೆಚ್ಚಿ ತಲೆ ಎತ್ತಿದರು.

"ಮೇದೋಜೀರಕ ಗ್ರಂಥಿ ಕಣಯ್ಯಾ! ಸಣ್ಣ ಕರುಳಿಗೆ ಅದು ಕಳಿಸೋ ಅಮೈಲೇಸ್! ಇಡೀ ಮಧುಗಿರಿ ಕಡೆ ಜನ ಬದುಕಿರೋದೇ ಅದರಿಂದ. ಈಗ ನುಂಗು. ನುಂಗೋವಾಗ ಯೋಚನೆ ಮಾಡು: ಉಸಿರಿನ ಕೊಳವೆ ಮುಂದೆ ಇದೆ, ಅನ್ನದ ಕೊಳವೆ ಹಿಂದೆ ಇದೆ. ಮುದ್ದೆ ಮುಂದಿನದನ್ನ ದಾಟಿ ಹಿಂದಿನದಕ್ಕೆ ಹೆಂಗೆ ಹೋಗುತ್ತೆ? ಐದು ಮಾರ್ಕ್ಸ್."

ನುಂಗುವುದರ ಮೊದಲ ಹಂತವಷ್ಟೇ ನಮ್ಮ ಕೈಯಲ್ಲಿರುವುದು, ಗಂಟಲಿಗೆ ಮುಟ್ಟಿದ ಮೇಲೆ ಮಿಕ್ಕದ್ದು ತಾನಾಗಿ ನಡೆಯುತ್ತದೆ ಎಂದು ಶರೀರಶಾಸ್ತ್ರ ಹೇಳುತ್ತದೆ. ತಾನಾಗಿ ನಡೆಯುವುದನ್ನು ಯೋಚಿಸಿಕೊಂಡು ಮಾಡಲು ಹೋದರೆ ಏನಾಗುತ್ತದೆಂದು ಪುಸ್ತಕ ಹೇಳುವುದಿಲ್ಲ, ನಾನು ಹೇಳಬಲ್ಲೆ. ಕಣ್ಣಲ್ಲಿ ನೀರು, ಮೂಗಲ್ಲಿ ಸಾರು. ಮೇಷ್ಟ್ರು ನನ್ನ ಬೆನ್ನಿಗೆ ಗುದ್ದುತ್ತಲೇ ಪಾಠ ಮುಂದುವರಿಸಿದರು. "ಎಲ್ಲರೂ ಎಡಗೈನ ಗಂಟಲ ಗಡ್ಡೆ ಮೇಲಿಡಿ. ಈಗ ಒಂದೊಂದು ತುತ್ತು ನುಂಗಿ. ಗಡ್ಡೆ ಮೇಲಕ್ಕೆ ಹೋಯ್ತಾ? ಅದು ಮೇಲಕ್ಕೇಳುವಾಗ ಎಪಿಗ್ಲಾಟಿಸ್ ಅನ್ನೋ ಮುಚ್ಚಳ ಬಾಗಿ ಉಸಿರಿನ ದಾರಿ ಮುಚ್ಚುತ್ತೆ, ಆ ಕ್ಷಣ ಉಸಿರೂ ನಿಲ್ಲುತ್ತೆ!" ನಮ್ಮ ಜನಕ್ಕೆ ಮೇಷ್ಟ್ರ ಮಾತು ಮೀರಿ ಅಭ್ಯಾಸವಿಲ್ಲ. ಇಡೀ ಪಂಕ್ತಿ ಎಡಗೈಯಲ್ಲಿ ಗಂಟಲು ಹಿಡಿದುಕೊಂಡು ಮುದ್ದೆ ನುಂಗತೊಡಗಿತು. ಆಗಲೇ ಸಾರಿನ ಬಕೆಟ್ಟಿನವರ ಹಿಂದೆ, ಉಪಚಾರ ಮಾಡಲು ಗಂಡಿನ ತಂದೆ ಬಂದರು. ಸಾಲು ಸಾಲಾಗಿ ಗಂಟಲು ಹಿಡಿದುಕೊಂಡು ಕೂತ ಬೀಗರನ್ನು ಕಂಡು ಅವರ ಮುಖ ಬಿಳಿಚಿತು. ಅಡುಗೆಯವನನ್ನು ಕರೆದು, "ಏನ್ ಹಾಕಿದ್ಯೋ ಸಾರಿಗೆ?" ಎಂದು ಅವರು ಅಬ್ಬರಿಸಿದ್ದು ಚನ್ನರಾಯನದುರ್ಗದ ಕೋಟೆಯವರೆಗೂ ಕೇಳಿಸಿರಬೇಕು.

ಇಷ್ಟಾದರೂ ಮೇಷ್ಟ್ರು ಕೈ ತೊಳೆಯುವ ಜಾಗದಲ್ಲಿ ನನ್ನನ್ನು ಹಿಡಿದು ಅಲೆಕ್ಸಿಸ್ ಸೇಂಟ್ ಮಾರ್ಟಿನನ ಕತೆ ಹೇಳಿದರು. 1822ರಲ್ಲಿ ಅಮೆರಿಕದಲ್ಲಿ ಅವನ ಹೊಟ್ಟೆಗೆ ಬಂದೂಕಿನ ಗುಂಡು ಬಿತ್ತು. ಗಾಯ ಮಾದರೂ ತೂತು ಮುಚ್ಚಲಿಲ್ಲ. ವಿಲಿಯಂ ಬ್ಯೂಮಾಂಟ್ ಎಂಬ ಡಾಕ್ಟರು ರೇಷ್ಮೆ ದಾರಕ್ಕೆ ಮಾಂಸದ ತುಣುಕು ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಎಳೆದು ನೋಡಿ, ಮತ್ತೆ ಬಿಟ್ಟು, ಜಠರರಸದ ಗುಣವನ್ನೆಲ್ಲ ಬರೆದಿಟ್ಟುಕೊಂಡು 1833ರಲ್ಲಿ ಪುಸ್ತಕ ಮಾಡಿದ. ಬಾಡೂಟ ಉಂಡ ಐದು ನಿಮಿಷಕ್ಕೆ ಕೇಳುವಂಥ ಕತೆಯಲ್ಲ. ಆದರೆ ಹೇಳುವಾಗ ಅವರ ಕಣ್ಣು ಹೊಳೆಯುತ್ತಿದ್ದವು, ಎದ್ದು ಹೋಗಲು ಮನಸ್ಸಾಗಲಿಲ್ಲ. "ಅದಿರಲಿ, ಜಠರ ಮಾಂಸ ಕರಗಿಸುತ್ತೆ. ಜಠರವೂ ಮಾಂಸವೇ. ತನ್ನನ್ನ ತಾನೇ ಯಾಕೆ ಕರಗಿಸಿಕೊಳ್ಳಲ್ಲ?" ಎಂಬುದು ಅವರ ಅತ್ಯಂತ ಪ್ರೀತಿಯ ಪ್ರಶ್ನೆ. ಅದನ್ನು ಕೇಳದೆ ಅವರು ಯಾವ ವರ್ಷವನ್ನೂ ಮುಗಿಸಿದವರಲ್ಲ.

ನಾನೂ ಅವರ ಕೈಕೆಳಗೆ ಕಲಿತವನೇ. ಕಲಿತೆ ಎಂಬುದಕ್ಕೆ ಅಂಕಪಟ್ಟಿಯಲ್ಲಿ ಹೇಳಿಕೊಳ್ಳುವಂಥ ಸಾಕ್ಷಿಯಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ಸೈನ್ಸಿಗೆ ಬಂದು, ಇಂಗ್ಲಿಷಿನ ಮೊದಲ ಪುಟಕ್ಕೇ ಬೆವರಿದ ನಮ್ಮಂಥವರನ್ನು ಅವರು ಮುಂದಿನ ಬೆಂಚಿಗೆ ಕೂರಿಸುತ್ತಿದ್ದರು. ಪೆರಿಸ್ಟಾಲ್ಸಿಸ್ ಎಂಬ ಪದ ನಮ್ಮ ನಾಲಗೆಗೆ ಹತ್ತದಿದ್ದಾಗ, ಹಸುವಿನ ಮೊಲೆ ಹಿಂಡುವಂತೆ ಮೇಲಿನ ಬೆರಳಿಂದ ಕೆಳಗಿನ ಬೆರಳಿನವರೆಗೆ ಒಂದೊಂದಾಗಿ ಮುಷ್ಟಿ ಬಿಗಿದು ತೋರಿಸಿದ್ದರು. ಅನ್ನನಾಳ ಅನ್ನವನ್ನು ತಳ್ಳುವುದು ಹೀಗೆ ಎಂದು ಅವತ್ತು ಗೊತ್ತಾದದ್ದು ಇವತ್ತಿಗೂ ಮರೆತಿಲ್ಲ. ಪರೀಕ್ಷೆಗೆ ಆ ಪ್ರಶ್ನೆ ಮಾತ್ರ ಬರಲಿಲ್ಲ. ಜೆರಾಕ್ಸ್ ಅಂಗಡಿಯ 'ಇಂಪಾರ್ಟೆಂಟ್ ಕ್ವೆಶ್ಚನ್ಸ್' ಕೊಂಡವರು ನಮಗಿಂತ ಹೆಚ್ಚು ತೆಗೆದರು. "ಗೆಸ್ ಮಾಡಿ ಹೇಳಿ ಸಾರ್" ಎಂದು ಕೇಳಲು ಹೋದವರಿಗೆ, "ನಿನ್ನ ಮೈಯಲ್ಲಿ ಇಂಪಾರ್ಟೆಂಟ್ ಅಲ್ಲದ್ದು ಯಾವುದೋ, ಹೇಳು, ಕತ್ತರಿಸಿ ಹಾಕೋಣ" ಅನ್ನುತ್ತಿದ್ದರು.

ಕೊನೆಗೆ ಕತ್ತರಿಸಿದವರು ಬೇರೆಯವರು. 2022ರಲ್ಲಿ ಎನ್‌ಸಿಇಆರ್‌ಟಿ ಮಕ್ಕಳ ಹೊರೆ ಇಳಿಸುತ್ತೇನೆಂದು ಪಾಠಗಳನ್ನು ಕಡಿತ ಮಾಡಿದಾಗ, ಹನ್ನೊಂದನೇ ತರಗತಿಯ ಜೀವಶಾಸ್ತ್ರದಿಂದ ಜೀರ್ಣಕ್ರಿಯೆಯ ಅಧ್ಯಾಯ ಪೂರ್ತಿಯಾಗಿ ಹೋಯಿತು. 2024ರ ನೀಟ್ ಪಠ್ಯಕ್ರಮದಲ್ಲೂ ಅದಿರಲಿಲ್ಲ. ಮೇಷ್ಟ್ರಿಗೆ ಸುದ್ದಿ ಮುಟ್ಟಿಸಿದ್ದು ಪಕ್ಕದ ಮನೆಯ ನೀಟ್ ಹುಡುಗಿ. ಜಠರದ ಪ್ರಶ್ನೆ ಕೇಳಿದವರಿಗೆ ಅವಳು ಪುಸ್ತಕದಿಂದ ತಲೆ ಎತ್ತದೆ, "ಅದು ಸಿಲಬಸ್ಸಲ್ಲಿಲ್ಲ ತಾತ" ಅಂದಳು.

"ಜಠರ ಇಲ್ವಾ?"

"ಇಲ್ಲ ತಾತ. ಕಿಡ್ನಿ ಇದೆ."

ಅವಳ ಮೇಲೂ ಸಿಟ್ಟಾಗುವಂತಿಲ್ಲ. ಬರೆಯಬೇಕಾದ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆತ. ಯಾಕೆ ಎಂದು ಕೂತು ಕೇಳಲು ಅವಳಿಗೆ ಪುರುಸೊತ್ತೆಲ್ಲಿ? ಮೇಷ್ಟ್ರು ಅವಳ ಹಳೇ ಪ್ರಶ್ನೆಪತ್ರಿಕೆಯೊಂದನ್ನು ಮನೆಗೆ ಒಯ್ದರು. ಮರುದಿನ ವಾಪಸು ಕೊಟ್ಟಾಗ ಯಾವ ಆಯ್ಕೆಗೂ ಗುರುತು ಹಾಕಿರಲಿಲ್ಲ. ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಉದ್ದುದ್ದ ಉತ್ತರ, ಜಾಗ ಸಿಕ್ಕಲ್ಲೆಲ್ಲ ಭಾಗಗಳನ್ನು ಗುರುತಿಸಿದ ಚಿತ್ರ. ಆಮೇಲೆ ಒಂದಷ್ಟು ಕಾಲ ಅವರೆದುರು ಯಾರು ಆಕಳಿಸಿದರೂ ಸುಮ್ಮನಿದ್ದರು. ಬೇಕೆಂದೇ ನಾನೊಮ್ಮೆ ಎದುರು ನಿಂತು ಆಕಳಿಸಿ ನೋಡಿದೆ. "ನಿದ್ದೆ ಸಾಲದೇನೋ, ಹೋಗಿ ಮಲಗು" ಅಂದುಬಿಟ್ಟರು. ನನಗೇ ಭಯವಾಯಿತು.

ಅದೇ ದಿನಗಳಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ತುಮಕೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಅವರ ಹಳೇ ಶಿಷ್ಯನೇ. ಎಂಡೋಸ್ಕೋಪಿ ಮಾಡಿಸಿ, ರಿಪೋರ್ಟನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ಕೇಳಿದರು: "ಸಾರ್, ಜಠರ ತನ್ನನ್ನ ತಾನೇ ಯಾಕೆ ಕರಗಿಸಿಕೊಳ್ಳಲ್ಲ? ಐದು ಮಾರ್ಕ್ಸ್."

ಮೇಷ್ಟ್ರು ನೆಟ್ಟಗೆ ಕೂತರು. ಒಳಪದರದ ಮೇಲೆ ಲೋಳೆಯ ಹೊದಿಕೆ, ಲೋಳೆಯೊಳಗೆ ಆಮ್ಲವನ್ನು ತಣಿಸುವ ಬೈಕಾರ್ಬನೇಟ್, ಪೆಪ್ಸಿನ್ ಮೊದಲು ಪೆಪ್ಸಿನೋಜೆನ್ ಆಗಿ ನಿರುಪದ್ರವಿಯಾಗಿ ಸ್ರವಿಸುವುದು, ಸವೆದ ಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುವುದು, ಎಲ್ಲವನ್ನೂ ಬೆರಳು ಮಡಿಸಿ ಹೇಳಿದರು.

"ನಾಲ್ಕೂವರೆ" ಅಂದರು ಡಾಕ್ಟರು.

"ಅರ್ಧ ಎಲ್ಲಿ ಕಡಿದೆಯಯ್ಯಾ?"

"ಆ ಲೋಳೆ ಬರ್ತಾ ಇರಬೇಕಾದ್ರೆ ಪ್ರಾಸ್ಟಾಗ್ಲಾಂಡಿನ್ ಬೇಕು, ಅದನ್ನ ಬಿಟ್ರಿ. ನೋವಿನ ಮಾತ್ರೆ ಅದನ್ನೇ ತಡೆಯುತ್ತೆ. ಮೊಣಕಾಲು ನೋವಿಗೆ ಮೆಡಿಕಲ್ ಸ್ಟೋರಿಂದ ನೀವೇ ತಗೊಂಡು ನುಂಗ್ತಿದ್ದೀರಂತೆ. ಹುಣ್ಣಾಗಿದೆ ಸಾರ್."

ಮಾತ್ರೆ ನಿಲ್ಲಿಸಿ ಎಂದರು, ಪಥ್ಯ ಹೇಳಿದರು, ಔಷಧಿ ಬರೆದರು. ಮೇಷ್ಟ್ರ ಕಿವಿಗೆ ಇದಾವುದೂ ಬಿದ್ದಂತೆ ಕಾಣಲಿಲ್ಲ. ಬಸ್ಸು ತುಮಕೂರು ಬಿಟ್ಟಲ್ಲಿಂದ ಕೊರಟಗೆರೆ ಬರುವವರೆಗೂ, ಪ್ರಾಸ್ಟಾಗ್ಲಾಂಡಿನ್ ತಾನು ಪಾಠ ಮಾಡಿದ ಪುಸ್ತಕದಲ್ಲಿ ಇರಲೇ ಇಲ್ಲ, ಪುಸ್ತಕದ ಹೊರಗಿನದಕ್ಕೆ ಅಂಕ ಕಡಿಯುವ ಹಾಗಿಲ್ಲ, ಇದು ರೀವ್ಯಾಲ್ಯುಯೇಷನ್ನಿಗೆ ಹಾಕಲೇಬೇಕಾದ ಕೇಸು ಎಂದು ವಾದಿಸುತ್ತಲೇ ಇದ್ದರು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಅಷ್ಟರಲ್ಲಿ ಒಮ್ಮೆ ಬಿಕ್ಕಳಿಸಿದ. ಮೇಷ್ಟ್ರು ವಾದ ನಿಲ್ಲಿಸಿ ಅವನತ್ತ ತಿರುಗಿದರು.