ಸರ್‌ನೇಮ್ ಕಡ್ಡಾಯ, ಸ್ವಾಮಿ!

ಆ ಕೆಂಪು ಸಾಲು ನಿಮಗೆಲ್ಲ ಪರಿಚಯದ್ದೇ. ಅರ್ಧ ಗಂಟೆ ಕೂತು ಫಾರಂ ತುಂಬಿ ಸಬ್‌ಮಿಟ್ ಒತ್ತಿದ ಮೇಲೆ ಬರುತ್ತದಲ್ಲ, 'ಸರ್‌ನೇಮ್ ಕಡ್ಡಾಯ' ಅಂತ. ಹೇಳುವವರು ಯಾರು ಅಂತ ಸರ್ವರಿನ ಒಳಗೇ ಹುಡುಕಿಕೊಂಡು ಹೋದೆ. ಎರಡು ಚೌಕ ಕಂಸಗಳ ನಡುವೆ ಕಾಲು ಮಡಿಚಿ ಕೂತಿತ್ತು, ಖಾನೆ ಖಾಲಿ ಬಿಡಗೊಡದ ಕಾವಲುಗಾರ, ಡಾಟ್ ನೆಟ್‌ನ 'ರಿಕ್ವೈರ್ಡ್'. 2008ರಿಂದ ಅದೇ ಹುದ್ದೆ, ಬಡ್ತಿ ಇಲ್ಲ.

ನಾನು: ನಮಸ್ಕಾರ. ತಮ್ಮ ಹೆಸರು?

ರಿಕ್ವೈರ್ಡ್: ರಿಕ್ವೈರ್ಡ್.

ನಾನು: ಸರ್‌ನೇಮ್?

ರಿಕ್ವೈರ್ಡ್: (ಕೆಮ್ಮಿ) ಆಟ್ರಿಬ್ಯೂಟ್. ಪೂರ್ತಿ ಹೆಸರು ರಿಕ್ವೈರ್ಡ್ ಆಟ್ರಿಬ್ಯೂಟ್. ಕೋಡ್ ಬರೆಯೋವಾಗ ಬಾಲ ಬಿಟ್ಟರೂ ಸಿ ಶಾರ್ಪ್ ಕಂಪೈಲರ್ ಒಪ್ಕೊಳುತ್ತೆ.

ನಾನು: ಓಹೋ! ನೀವು ಬಿಡಬಹುದು, ನಾವು ಬಿಡಬಾರದು?

ರಿಕ್ವೈರ್ಡ್: ಅದು ಆಮೇಲೆ. ಮೊದಲು ಆ ಇಂಟ್, ಅಂದ್ರೆ ಪೂರ್ಣಾಂಕದ ಖಾನೆ, ಅದರ ವಿಷಯ ಬರ್ಕೊಳಿ. ವಯಸ್ಸು ಅನ್ನೋ ಇಂಟ್ ಮೇಲೆ ನನ್ನನ್ನ ಕಾವಲಿಗೆ ಕೂರಿಸ್ತಾರೆ. ವಯಸ್ಸು ಹಾಕದೇ ಯಾರೋ ಕಳಿಸ್ತಾರೆ. ಇಂಟಿಗೆ ಖಾಲಿ ಇರೋಕೇ ಬರಲ್ಲ, ಸೊನ್ನೆ ಹಿಡ್ಕೊಂಡು ನಿಂತುಬಿಡುತ್ತೆ. ನಾನು ನೋಡ್ತೀನಿ, ಕೈಲಿ ಏನೋ ಇದೆ, ಹೋಗಪ್ಪ ಅಂತೀನಿ. ಡೇಟಾಬೇಸ್ ತುಂಬ ಸೊನ್ನೆ ವರ್ಷದ ಅಜ್ಜಂದಿರು! ಬೈಸ್ಕೊಳ್ಳೋದು ಯಾರು?

ನಾನು: ಸರಿ. ಕುವೆಂಪು ಅವರು ಫಾರಂ ತುಂಬೋಕೆ ಬಂದಿದ್ದರೆ? ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರು. ಇದರಲ್ಲಿ ಸರ್‌ನೇಮ್ ಯಾವುದು?

ರಿಕ್ವೈರ್ಡ್: ಇಂಟ್ ಪಕ್ಕ 'ಖಾಲಿ ಇರಬಹುದು' ಅನ್ನೋ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಿದ್ರೆ...

ನಾನು: ನಮ್ಮ ದೊಡ್ಡಪ್ಪನ ಮಗನದು ಒಂದೇ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚಾಯ್ತು, ಮೊದಲ ಹೆಸರು ಗೊತ್ತಿಲ್ಲ ಅಂತ. ಈಗ ಅಲ್ಲಿ ಆಫೀಸಿನವರೆಲ್ಲ ಅವನನ್ನ 'ಫ್ನು' ಅಂತ ಕರೀತಾರೆ.

ರಿಕ್ವೈರ್ಡ್: ...ಹಿಡಿದುಬಿಡ್ತಿದ್ದೆ ಸ್ವಾಮಿ, ಆ ಇಂಟನ್ನ!

(ಹಟಮಾರಿ. ದಾರಿ ಬದಲಿಸಿದೆ.)

ನಾನು: ನಿಮ್ಮ ಸಹೋದ್ಯೋಗಿಗಳ ಬಗ್ಗೆ ಹೇಳಿ. ಈಮೇಲ್ ಆಟ್ರಿಬ್ಯೂಟ್?

ರಿಕ್ವೈರ್ಡ್: ಸೋಮಾರಿ. ನಡುವೆ ಒಂದು ಆಟ್ ಚಿಹ್ನೆ ಕಂಡರೆ ಸಾಕು, ಬಾಗಿಲು ತೆಗೀತಾನೆ.

ನಾನು: ರೆಗ್ಯುಲರ್ ಎಕ್ಸ್‌ಪ್ರೆಷನ್?

ರಿಕ್ವೈರ್ಡ್: ಪಂಡಿತ. 'ಎ'ಯಿಂದ 'ಝಡ್'ವರೆಗೆ ಬಿಟ್ಟು ಬೇರೆ ಅಕ್ಷರ ಓದಿರಲಿಲ್ಲ. ಯಾರೋ ಪುಣ್ಯಾತ್ಮರು ಎಲ್ಲ ಭಾಷೆಗೂ ಜಾಗ ಇರಲಿ ಅಂತ ಯೂನಿಕೋಡಿನ 'ಅಕ್ಷರ' ವರ್ಗ ಹೇಳ್ಕೊಟ್ರು. ಕಮಲ ಬಂದಳು, ಒಳಗೆ ಬಿಟ್ಟ. ವಿಮಲ ಬಂದಳು, ತಡೆದ.

ನಾನು: ಯಾಕೆ?

ರಿಕ್ವೈರ್ಡ್: ಯೂನಿಕೋಡ್ ಲೆಕ್ಕದಲ್ಲಿ ಗುಡಿಸು ಅಕ್ಷರ ಅಲ್ಲ, ಅದರ ಮೇಲಿನ ಗುರುತು. ಅದಕ್ಕೆ ಬೇರೆ ವರ್ಗ. ಇಳಿ, ಕೊಂಬು, ಒತ್ತು ಕೊಡೋ ವಿರಾಮ, ಎಲ್ಲ ಅಲ್ಲೇ. ಭರತ ಒಳಗೆ, ರಾಮ ಹೊರಗೆ.

ನಾನು: ಪಾದುಕೆ?

ರಿಕ್ವೈರ್ಡ್: ಅದಕ್ಕೂ ಇಳಿ, ಕೊಂಬು ಇದೆಯಲ್ಲ.

ನಕ್ಕೆ. ನಮ್ಮಮ್ಮ ನೆನಪಾದರು, ನಗು ನಿಂತಿತು. ಅವರ ಕಥೆ ಅದಕ್ಕೂ ಹೇಳಿದೆ.

ಅವರದೂ ಒಂದೇ ಹೆಸರು. ಪಿಂಚಣಿಯ ಅರ್ಜಿ ತುಂಬುವಾಗ ಸೈಬರ್ ಅಂಗಡಿಯ ಹುಡುಗ ಮೂರು ಸಲ ಸಬ್‌ಮಿಟ್ ಒತ್ತಿದ, ಮೂರು ಸಲವೂ ಕೆಂಪು ಸಾಲು. 'ಆಂಟಿ, ಒಂದು ಚುಕ್ಕೆ ಹಾಕ್ತೀನಿ' ಅಂದ. ಹಾಕಿದ, ಹೋಯಿತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಚುಕ್ಕೆ ಇಲ್ಲ. ಹೆಸರು ತಾಳೆಯಾಗುತ್ತಿಲ್ಲ ಎಂದು ಹಣ ನಿಂತಿತು. ಮಂಡಿನೋವಿನ ಹೆಂಗಸು ಕೌಂಟರಿನಿಂದ ಕೌಂಟರಿಗೆ ನಡೆದರು. ಕೊನೆಗೆ ನೋಟರಿಯ ಮುಂದೆ ಕೂತು, ಚುಕ್ಕೆ ಇರುವವಳೂ ಚುಕ್ಕೆ ಇಲ್ಲದವಳೂ ನಾನೇ ಎಂದು ಛಾಪಾಕಾಗದದ ಮೇಲೆ ಸಹಿ ಮಾಡಿದರು. ಅಪ್ಪ, ಅಮ್ಮ ಇಟ್ಟ ಹೆಸರಿಗೆ ಎಪ್ಪತ್ತು ದಾಟಿದ ಮೇಲೆ ಕ್ಷಮೆ ಕೇಳಿಕೊಂಡ ಹಾಗೆ.

ರಿಕ್ವೈರ್ಡ್: ಚುಕ್ಕೆ ಇತ್ತಲ್ಲ, ನಾನು ಬಿಟ್ಟದ್ದು ಸರಿನೇ. ಬರೀ ಸ್ಪೇಸ್ ಹೊಡೆದಿದ್ರೆ ಬಿಡ್ತಿರಲಿಲ್ಲ.

ನಾನು: ನಿಮ್ಮನ್ನ ಅಲ್ಲಿ ಕೂರಿಸಿದ್ದು ಯಾರು? ಹೆಸರು ಹೇಳಿ.

ರಿಕ್ವೈರ್ಡ್: (ತುಸು ಹೊತ್ತು ಬಿಟ್ಟು) ಯಾರೂ ಇಲ್ಲ ಸ್ವಾಮಿ.

ನಾನು: ಅಂದ್ರೆ?

ರಿಕ್ವೈರ್ಡ್: ಕೋಡಿನಲ್ಲಿ ಆ ಸರ್‌ನೇಮ್ ಸಾಲಿನ ಮೇಲೆ ನನ್ನ ಹೆಸರೇ ಬರೆದಿರಲಿಲ್ಲ. ಪ್ರಾಜೆಕ್ಟ್‌ನಲ್ಲಿ ನಲ್ಲಬಲ್ ಅನ್ನೋ ಸೆಟ್ಟಿಂಗ್ ಆನ್ ಇದ್ದು, ಸ್ಟ್ರಿಂಗ್ ಅನ್ನೋ ಅಕ್ಷರದ ಖಾನೆ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ರೆ, ನಾನು ಅಲ್ಲಿದೀನಿ ಅಂತಲೇ ಎಎಸ್‌ಪಿ ಡಾಟ್ ನೆಟ್ ಕೋರ್ ತಿಳ್ಕೊಳುತ್ತೆ. ಸರ್‌ನೇಮ್ ಕಡ್ಡಾಯ ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಚಿಹ್ನೆ ಹಾಕೋದು ಮರೆತಿದ್ರು, ಅಷ್ಟೇ. ಆ ಇಂಟ್ ಕಥೆನೂ ಹಂಗೇ...

ಎದ್ದೆ. ಸಂದರ್ಶನ ಅಚ್ಚು ಹಾಕಲು ಒಪ್ಪಿಗೆ ಬೇಕಲ್ಲ, ಪತ್ರಿಕೆಯ ಫಾರಂ ಮುಂದಿಟ್ಟೆ. ಹೆಸರಿನ ಮುಂದೆ 'ರಿಕ್ವೈರ್ಡ್' ಎಂದು ಬರೆಯಿತು. ಸರ್‌ನೇಮ್ ಎಂದಿದ್ದ ಕಡೆ ಪೆನ್ನು ತಡೆಯಿತು. ನನ್ನ ಮುಖ ನೋಡಿ, ಒಂದು ಚುಕ್ಕೆ ಇಟ್ಟು ಕೊಟ್ಟಿತು.